ಹಿಂದಿನ ಚಕ್ರಕ್ಕೊಂದು ಬೆಣೆ

ಎಡಗಡೆ ಹಿಂದಿನ ಟೈರು ಹೊರಗಿನಿಂದ ನೋಡಿದರೆ ಇನ್ನೂ ಒಂದು ವರ್ಷ ಓಡುವ ಹಾಗಿತ್ತು. ಕೈಯನ್ನು ಹಿಂದಕ್ಕೆ ತೂರಿಸಿ ಒಳಅಂಚು ಸವರಿದರೆ ಎರಡು ಬೆರಳಗಲ ಗ್ರಿಪ್ಪೇ ಇಲ್ಲ, ನುಣ್ಣಗೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಎಳೆದಾಗ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಅದು ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟ ಗುರುತು. ಇಲ್ಲಿ ಎರಡೂ ಕಡೆಗೆ ನಯವಾಗಿಯೇ ಇತ್ತು. ಬರೀ ಒಳಅಂಚು, ಅದೂ ನುಣ್ಣಗೆ ಸವೆದಿದ್ದರೆ ಮೊದಲು ಶಂಕಿಸಬೇಕಾದ್ದು ಕ್ಯಾಂಬರನ್ನು, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನವನ್ನು.

ಕಾರು ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಉಕ್ಕಿನ ತೊಲೆ), ಡ್ರಮ್ ಬ್ರೇಕ್, 15 ಇಂಚಿನ ರಿಮ್ ಇರುವ ಹ್ಯಾಚ್‌ಬ್ಯಾಕು. ಮಂಡ್ಯ–ಮೈಸೂರು ನಡುವೆ ದಿನಾ ಓಡುವಂಥದ್ದು. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳು ಒಳರಸ್ತೆಗಳ ಅಂಚನ್ನು ಹೇಗೆ ಕಿತ್ತುಹಾಕುತ್ತವೆ ಅನ್ನುವುದನ್ನು ಆ ಕಡೆಯವರಿಗೆ ಹೇಳಬೇಕಿಲ್ಲ. ಎಡ ಹಿಂಚಕ್ರ ಅಂಥದ್ದೊಂದು ಅಂಚಿನಿಂದ ಇಳಿದು ಹೊಡೆಸಿಕೊಂಡಿತ್ತು. ಆಮೇಲೆ ನೇರ ರಸ್ತೆಯಲ್ಲೂ ಸ್ಟಿಯರಿಂಗ್ ತುಸು ಎಡಕ್ಕೆ ತಿರುಗಿಯೇ ನಿಲ್ಲುತ್ತಿತ್ತು.

ಅಲೈನ್‌ಮೆಂಟಿಗೆ ಹೋಗುವ ಮೊದಲು ತೂಗುಗುಂಡು ಇಳಿಬಿಟ್ಟು ನೋಡಿದೆವು. ಸಮತಟ್ಟಾದ ಕಾಂಕ್ರೀಟ್ ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ. ದಾರವನ್ನು ರಿಮ್ಮಿನ ಮೇಲಂಚಿನ ಪಕ್ಕದಲ್ಲಿ ಬಿಟ್ಟು, ಮೇಲಂಚಿಗೂ ಕೆಳಅಂಚಿಗೂ ದಾರದಿಂದ ಇರುವ ದೂರದ ವ್ಯತ್ಯಾಸ ಅಳೆಯುವುದು. 15 ಇಂಚು ಅಂದರೆ 381 ಮಿಮೀ; ಅಷ್ಟು ಎತ್ತರಕ್ಕೆ 1 ಡಿಗ್ರಿ ಅಂದರೆ 6.65 ಮಿಮೀ. ಬಲಗಡೆ 7 ಮಿಮೀ, ಎಡಗಡೆ 16 ಮಿಮೀ ಬಂತು. ನೆಲದ ಓರೆ ಸೇರಿಕೊಳ್ಳಬಾರದೆಂದು ಕಾರನ್ನು ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆದೆವು. ಕಂಪ್ಯೂಟರ್ ಕೊಟ್ಟ ಪ್ರಿಂಟ್ ಇದರ ಹತ್ತಿರಕ್ಕೇ ಬಂತು: ಎಡ ಹಿಂದೆ ಕ್ಯಾಂಬರ್ −2°25′ (2 ಡಿಗ್ರಿ 25 ಮಿನಿಟ್; 60 ಮಿನಿಟಿಗೆ ಒಂದು ಡಿಗ್ರಿ), ಟೋ −0°12′, ಬಲ ಹಿಂದೆ ಕ್ಯಾಂಬರ್ −1°05′, ಟೋ +0°10′. ಕ್ಯಾಂಬರಿನಲ್ಲಿ ಮೈನಸ್ ಅಂದರೆ ಚಕ್ರದ ತಲೆ ಒಳಕ್ಕೆ ವಾಲಿದೆ. ಟೋದಲ್ಲಿ ಮೈನಸ್ ಅಂದರೆ ಚಕ್ರದ ಮುಂಭಾಗ ಹೊರಕ್ಕೆ ತೆರೆದಿದೆ.

ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಓದಬೇಕು. ಎಡಚಕ್ರ 12 ಮಿನಿಟ್ ಎಡಕ್ಕೆ ನೋಡುತ್ತಿದೆ, ಬಲಚಕ್ರ 10 ಮಿನಿಟ್ ಎಡಕ್ಕೇ ನೋಡುತ್ತಿದೆ. ಎರಡೂ ಒಂದೇ ಕಡೆ ಮುಖ ಮಾಡಿರುವುದರಿಂದ ಒಂದಕ್ಕೊಂದು ಜಗಳವಿಲ್ಲ, ಅದಕ್ಕೇ ಟೈರಿನಲ್ಲಿ ಗರಗಸ ಏಳಲಿಲ್ಲ. ಆದರೆ ಹಿಂಭಾಗವೆಲ್ಲ 11 ಮಿನಿಟ್ ಎಡಕ್ಕೆ ತಳ್ಳುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ, ಡ್ರೈವರ್ ಸ್ಟಿಯರಿಂಗ್ ಎಡಕ್ಕೆ ಹಿಡಿದು ಸರಿದೂಗಿಸುತ್ತಾನೆ. ಕಾರು ಏಡಿಯಂತೆ ಸ್ವಲ್ಪ ಅಡ್ಡಡ್ಡವಾಗಿ ಓಡುತ್ತದೆ. ಇದನ್ನು ಮುಂದಿನ ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿ ಸ್ಟಿಯರಿಂಗ್ ನೇರ ಮಾಡಿ ಕಳಿಸುವುದು ಸುಲಭ. ಬಹಳ ಕಡೆ ಹಾಗೇ ಮಾಡುತ್ತಾರೆ. ಸ್ಟಿಯರಿಂಗ್ ನೇರವಾಗುತ್ತದೆ, ಕಾರು ಏಡಿಯಾಗಿಯೇ ಉಳಿಯುತ್ತದೆ.

"ಹಿಂದ್ಗಡೆ ಅಡ್ಜಸ್ಟ್‌ಮೆಂಟ್ ಬರಲ್ಲ ಸಾರ್. ಬೀಮೇ ಚೇಂಜ್ ಮಾಡ್ಬೇಕು, ಇಲ್ಲಾಂದ್ರೆ ಹಂಗೇ ಓಡ್ಸಿ" ಅಂದ ಅಲೈನ್‌ಮೆಂಟ್ ಹುಡುಗ. ಅವನ ಮಾತು ತಪ್ಪಲ್ಲ. ಟಾರ್ಷನ್ ಬೀಮಿನಲ್ಲಿ ತಿರುಗಿಸಲು ಒಂದು ನಟ್ಟೂ ಇರುವುದಿಲ್ಲ. ಚಕ್ರ ಕೂರುವ ಗಿಡ್ಡ ಅಚ್ಚಿನ, ಅಂದರೆ ಸ್ಟಬ್ ಆಕ್ಸಲಿನ, ಫ್ಲ್ಯಾಂಜು (ಬುಡದ ಚಪ್ಪಟೆ ಮುಖ) ನಾಲ್ಕು ಬೋಲ್ಟಿನಿಂದ ಬೀಮಿನ ತುದಿಯ ತಟ್ಟೆಗೆ ಬಿಗಿದಿರುತ್ತದೆ, ಅಷ್ಟೇ. ಆ ಎರಡರ ನಡುವೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವ ಬೆಣೆ ತಟ್ಟೆ ಇಟ್ಟರೆ ಚಕ್ರದ ವಾಲು ಬದಲಾಗುತ್ತದೆ. ಮಾಡಿದ್ದು ಇದನ್ನೇ.

ಬೆಣೆ ಇಡುವ ಮೊದಲು ಬಗ್ಗಿರುವುದು ಯಾವುದು ಅನ್ನುವುದು ಖಚಿತವಾಗಬೇಕು. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗಿನ ಆಟ ನೋಡಿದೆವು, ಇರಲಿಲ್ಲ. ಬೀಮಿನ ಮುಂದಿನ ಎರಡು ಬುಷ್‌ಗಳನ್ನು ಗಡಾರಿಯಿಂದ ಮೀಟಿ ನೋಡಿದರೆ ರಬ್ಬರ್ ಹರಿದಿರಲಿಲ್ಲ. ಸ್ಟಬ್ ಆಕ್ಸಲ್ ಬಿಚ್ಚಿ ಲೇತಿನಲ್ಲಿ ಎರಡು ಸೆಂಟರ್ ನಡುವೆ ಹಿಡಿದು ಫ್ಲ್ಯಾಂಜಿನ ಮುಖಕ್ಕೆ ಡಯಲ್ ಗೇಜ್ ಇಟ್ಟಾಗ ಒಂದು ಸುತ್ತಿಗೆ 0.04 ಮಿಮೀ ಓಡಿತು. ಅಂದರೆ ಸ್ಟಬ್ ನೆಟ್ಟಗಿದೆ. ಸ್ಟಬ್ ಬಗ್ಗಿದ್ದರೆ ಬೆಣೆಯ ಮಾತೇ ಇಲ್ಲ, ಹೊಸ ಸ್ಟಬ್ ತರಬೇಕು. ಬಗ್ಗಿದ ಸ್ಟಬ್ಬಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ಚಕ್ರ ನಿಂತಿರುವುದೇ ಅದರ ಮೇಲೆ.

ಉಳಿದದ್ದು ಬೀಮಿನ ತೋಳು. ಬೆಸುಗೆಗಳ ಸುತ್ತ ತಂತಿ ಬ್ರಷ್ ಹಾಕಿ ಬಣ್ಣ ತೆಗೆದು, ಸೀಮೆಎಣ್ಣೆ ಬಳಿದು ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಚಾಕ್ ಪುಡಿ ಸವರುವುದು ಹಳೇ ಉಪಾಯ. ಬಿರುಕಿದ್ದರೆ ಒಳಗೆ ಕುಡಿದ ಎಣ್ಣೆ ಮೇಲೆದ್ದು ಚಾಕಿನ ಮೇಲೆ ಕೂದಲೆಳೆಯಂಥ ಗೆರೆ ಬರೆಯುತ್ತದೆ. ಗೆರೆ ಬರಲಿಲ್ಲ. ಬಂದಿದ್ದರೆ ಬೀಮ್ ಗುಜರಿಗೆ. ಚೈನ್ ಕಟ್ಟಿ ಜಾಕಿಯಿಂದ ತೋಳನ್ನು ಎಳೆದು ನೆಟ್ಟಗೆ ಮಾಡುವವರೂ ಇದ್ದಾರೆ. ಅದರಲ್ಲಿ ನಮಗೆ ನಂಬಿಕೆಯಿಲ್ಲ. ತಣ್ಣಗೆ ಬಗ್ಗಿಸಿದ್ದು ಮರಳಿ ಸ್ಪ್ರಿಂಗ್ ಆಗುತ್ತದೆ, ಗ್ಯಾಸ್ ಹಚ್ಚಿ ಬಗ್ಗಿಸಿದ್ದು ಮೆತ್ತಗಾಗುತ್ತದೆ, ಎರಡರಲ್ಲೂ ಬೆಸುಗೆಯೇ ಏಟು ತಿನ್ನುವುದು. ತಿದ್ದಬೇಕಾದ್ದು ಒಂದೂವರೆ ಡಿಗ್ರಿಗಿಂತ ಹೆಚ್ಚಿದ್ದರೆ ಬೆಣೆಯೂ ಬೇಡ, ಬೀಮ್ ಬದಲಾಯಿಸಿ ಅನ್ನುವುದು ನಾವು ಇಟ್ಟುಕೊಂಡಿರುವ ಗೆರೆ.

ಲೆಕ್ಕ ಕಷ್ಟದ್ದಲ್ಲ. ಎಡ ಕ್ಯಾಂಬರ್ −2°25′ ಇಂದ −1°10′ಕ್ಕೆ ಬರಬೇಕು, ಅಂದರೆ 1°15′. ಟೋ −12′ ಇಂದ +8′ಕ್ಕೆ, ಅಂದರೆ 20′. ತಟ್ಟೆಯ ಎತ್ತರ 110 ಮಿಮೀ, ಅಗಲ 100 ಮಿಮೀ. 1°15′ರ ಟ್ಯಾಂಜೆಂಟ್ 0.0218, 110ಕ್ಕೆ 2.40 ಮಿಮೀ. 20′ರ ಟ್ಯಾಂಜೆಂಟ್ 0.0058, 100ಕ್ಕೆ 0.58 ಮಿಮೀ. ಚಕ್ರದ ತಲೆ ಹೊರಕ್ಕೆ ಬರಬೇಕಾದ್ದರಿಂದ ತಟ್ಟೆಯ ಮೇಲ್ಭಾಗ ದಪ್ಪ. ಚಕ್ರದ ಮುಂಭಾಗ ಒಳಕ್ಕೆ ಬರಬೇಕಾದ್ದರಿಂದ ಹಿಂಭಾಗ ದಪ್ಪ. ಅತಿ ತೆಳು ಮೂಲೆ ಕೆಳಗಡೆ ಮುಂದಿನದು, ಅದಕ್ಕೆ 1.50 ಮಿಮೀ ಇಟ್ಟುಕೊಂಡರೆ ಕೆಳಗಡೆ ಹಿಂದೆ 2.08, ಮೇಲೆ ಮುಂದೆ 3.90, ಮೇಲೆ ಹಿಂದೆ 4.48. ನಡುಮಧ್ಯ 3 ಮಿಮೀ, ಅಂದರೆ ಆ ಚಕ್ರ ಅಷ್ಟು ಹೊರಕ್ಕೆ ಬರುತ್ತದೆ. ಮಡ್‌ಗಾರ್ಡಿಗೆ ತಾಗುವ ಭಯವಿಲ್ಲ. ಮರಗೆಲಸದ ನೂಲಿನ ಲೆಕ್ಕ ಮಾತ್ರ ಇಲ್ಲಿ ನಡೆಯುವುದಿಲ್ಲ. ಅರ್ಧ ಮಿಮೀ ಹೆಚ್ಚುಕಡಿಮೆಯಾದರೆ ಟೋ ಪೂರ್ತಿ ತಲೆಕೆಳಗು.

ಆಕಾರ ಹಿಡಿಯಲು ರಟ್ಟು ಸಾಕು. ಬೀಮಿನ ತಟ್ಟೆಯ ಅಂಚಿಗೂ ತೂತುಗಳ ಬಾಯಿಗೂ ಗ್ರೀಸ್ ಸವರಿ, ಮದುವೆ ಕಾಗದದಂಥ ಗಟ್ಟಿ ರಟ್ಟನ್ನು ಒತ್ತಿದರೆ ತೂತು, ಅಂಚು ಎಲ್ಲ ಕಪ್ಪಗೆ ಮೂಡುತ್ತವೆ. ತೂತಿನ ಅಂತರವನ್ನು ಮಾತ್ರ ವರ್ನಿಯರಿನಿಂದ ಸ್ಟಬ್ ಫ್ಲ್ಯಾಂಜಿನ ಮೇಲೆ ಅಳೆಯಬೇಕು: ಮೇಲೆ–ಕೆಳಗೆ 70, ಹಿಂದೆ–ಮುಂದೆ 76 ಇತ್ತು. ನಡುವೆ ಸ್ಟಬ್ಬಿನ ಉಬ್ಬು ಬೀಮಿನ ತೂತಿನೊಳಗೆ 5 ಮಿಮೀ ಕೂರುತ್ತದೆ. ತಟ್ಟೆ ಅದರಲ್ಲಿ 3 ಮಿಮೀ ತಿಂದರೂ 2 ಮಿಮೀ ಹಿಡಿತ ಉಳಿಯುತ್ತದೆ. ತಟ್ಟೆಯ ನಡುತೂತನ್ನು ಉಬ್ಬಿಗಿಂತ 0.2 ಮಿಮೀ ದೊಡ್ಡದು ಇಟ್ಟೆವು.

ಎಬಿಎಸ್ ಸೆನ್ಸರಿನ ತಂತಿಗೆ ಒಂದು ಪಕ್ಕದಲ್ಲಿ ಕಚ್ಚು ಬೇಕಿತ್ತು. ಸೆನ್ಸರ್ ಬ್ಯಾಕ್ ಪ್ಲೇಟಿನ (ಬ್ರೇಕ್ ಶೂ ಕೂರುವ ತಗಡಿನ) ಮೇಲೇ ಇದ್ದುದರಿಂದ ಅದೂ ಜೊತೆಗೇ ಸರಿಯುತ್ತದೆ. ಬೀಮಿಗೆ ಕಟ್ಟಿದ್ದರೆ ಸೆನ್ಸರಿಗೂ ರಿಂಗಿಗೂ ನಡುವಿನ ಸಂದು ಬೇರೆಯಾಗಿ ದೀಪ ಹತ್ತುತ್ತದೆ. ಇನ್ನು, ಬೆಣೆ ಕೂರಬೇಕಾದ ಜಾಗ ಬೀಮಿಗೂ ಬ್ಯಾಕ್ ಪ್ಲೇಟಿಗೂ ನಡುವೆ. ಬ್ಯಾಕ್ ಪ್ಲೇಟಿಗೂ ಸ್ಟಬ್ಬಿಗೂ ನಡುವೆ ಇಟ್ಟರೆ ಡ್ರಮ್ ಮಾತ್ರ ವಾಲಿ ಹೊರಕ್ಕೆ ಹೋಗುತ್ತದೆ, ಬ್ರೇಕ್ ಶೂ ಅಲ್ಲೇ ಉಳಿಯುತ್ತದೆ, ಲೈನಿಂಗಿನ ಒಂದೇ ಅಂಚು ಉಜ್ಜುತ್ತದೆ.

ತಟ್ಟೆ ಕಡೆಯುವ ಮೊದಲು ಲೆಕ್ಕವನ್ನು ವಾಷರುಗಳಿಂದ ಪರೀಕ್ಷಿಸಿದೆವು. ನಾಲ್ಕು ಬೋಲ್ಟಿನ ಜಾಗಕ್ಕೆ ಎಷ್ಟೆಷ್ಟು ದಪ್ಪ ಬರುತ್ತದೋ ಅಷ್ಟು ಹಿತ್ತಾಳೆ ಶಿಮ್ಮುಗಳನ್ನು (ತೆಳು ವಾಷರುಗಳನ್ನು) ಕತ್ತರಿಸಿ, ಅತಿ ತೆಳುವಾದ ಬೋಲ್ಟಿಗೆ 2.0, ಅತಿ ದಪ್ಪದ್ದಕ್ಕೆ 4.0 ಹೀಗೆ ಪೇರಿಸಿ ಬಿಗಿಯುವುದು. ಇದನ್ನು ಅಲೈನ್‌ಮೆಂಟ್ ರ್‍ಯಾಂಪಿನ ಮೇಲೆಯೇ ಮಾಡಿ, ಕೈಯಿಂದ ತಳ್ಳಿ ಅಳತೆ ತೆಗೆದು, ಅಲ್ಲೇ ಬಿಚ್ಚಬೇಕು. ಹೀಗೆ ಪೇರಿಸಿದ್ದರ ಮೇಲೆ ರಸ್ತೆಗೆ ಇಳಿಯುವಂತಿಲ್ಲ.

ಕ್ಯಾಂಬರ್ 1°17′ ಬದಲಾಯಿತು. ಟೋ ಬದಲಾದದ್ದು ಬರೀ 4′. ಕ್ಯಾಂಬರ್ ಸರಿ ಬಂದು ಟೋ ಬಾರದೇ ಇದ್ದರೆ ಲೆಕ್ಕ ತಪ್ಪಿಲ್ಲ, ದಿಕ್ಕು ತಪ್ಪಿದೆ ಎಂದರ್ಥ. ರಟ್ಟಿನ ಮೇಲೆ ನೆಟ್ಟನೆ ಗೆರೆ ಎಳೆದದ್ದು ಕಾರು ಜಾಕಿಯ ಮೇಲೆ, ಬೀಮ್ ಜೋತುಬಿದ್ದಿದ್ದಾಗ. ತೋಳಿನ ಉದ್ದ ಸುಮಾರು 400 ಮಿಮೀ. ಚಕ್ರ 85 ಮಿಮೀ ಕೆಳಗಿಳಿದರೆ ತೋಳು 12 ಡಿಗ್ರಿ ತಿರುಗುತ್ತದೆ. ಕಾರು ನೆಲಕ್ಕಿಳಿದಾಗ ತೋಳು ಮರಳಿ ತಿರುಗಿ ನಮ್ಮ ಗೆರೆಯ ತಲೆ 12 ಡಿಗ್ರಿ ಮುಂದಕ್ಕೆ ವಾಲಿತು. ಬೆಣೆಯ ಅತಿ ಕಡಿದಾದ ಇಳಿಜಾರು ನೆಟ್ಟನೆ ಗೆರೆಯಿಂದ 15 ಡಿಗ್ರಿ ಹಿಂದಕ್ಕೆ ಇರಬೇಕಿತ್ತು, 3 ಡಿಗ್ರಿಗೆ ಬಂದು ನಿಂತಿತ್ತು. ಟೋ ಅಷ್ಟೂ ಆ 12 ಡಿಗ್ರಿಯಲ್ಲಿ ಕರಗಿಹೋಗಿತ್ತು.

ಗೆರೆ ಎಳೆಯಬೇಕಾದ್ದು ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತಿರುವಾಗ. ಅರ್ಧ ಟ್ಯಾಂಕ್ ಪೆಟ್ರೋಲ್, ಡಿಕ್ಕಿ ಖಾಲಿ, ಮೂತಿಯನ್ನೂ ಹಿಂಭಾಗವನ್ನೂ ಎರಡು ಸಲ ಅದುಮಿ ಬಿಟ್ಟು, ರ್‍ಯಾಂಪಿನ ಅಡಿಗೆ ಹೋಗಿ ಸ್ಪಿರಿಟ್ ಲೆವೆಲ್ ಹಿಡಿದು ಬ್ಯಾಕ್ ಪ್ಲೇಟಿನ ಬೆನ್ನಿಗೂ ಬೀಮಿನ ತಟ್ಟೆಗೂ ಒಂದೇ ಗೆರೆ ಗೀಚಿದೆವು. ಆ ಗೆರೆಯಿಂದ ಹೊಸದಾಗಿ ಲೆಕ್ಕ ಹಾಕಿ ಪೇರಿಸಿದ ವಾಷರುಗಳು ಕ್ಯಾಂಬರ್ 1°14′, ಟೋ 19′ ಕೊಟ್ಟವು.

ತಟ್ಟೆಯ ಕೆಲಸಕ್ಕೆ ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೂ ಈ ಊರಲ್ಲಿ ಮೈಕ್ರೋಮೀಟರ್ ಹಿಡಿಯುವ ಕೈಗಳಿಗೆ ಬರವಿಲ್ಲ. ಬರವಿರುವುದು ಒಂದೇ ಒಂದು ತುಂಡನ್ನು ಮಾಡಿಕೊಡುವ ಪುರುಸೊತ್ತಿಗೆ. ಶನಿವಾರ ಮಧ್ಯಾಹ್ನದ ಮೇಲೆ ಹೋದರೆ ಕೆಲಸ ಆಗುತ್ತದೆ.

ಮೊದಲನೆಯ ತಟ್ಟೆ ಹಾಳಾಯಿತು. ಸಾಧಾರಣ ಎಂಎಸ್ (ಮೆದು ಉಕ್ಕಿನ) ಪ್ಲೇಟನ್ನು ಮಿಲ್ಲಿಂಗಿನಲ್ಲಿ ಓರೆ ವೈಸಿನಲ್ಲಿ ಹಿಡಿದು ಒಂದೇ ಮುಖ ಕಡೆದದ್ದು. ರೋಲ್ ಮಾಡಿದ ಪ್ಲೇಟಿನ ಎರಡೂ ಮೈಯಲ್ಲಿ ಸೆಳೆತ ಇರುತ್ತದೆ. ಒಂದು ಮೈಯನ್ನು ಸುಲಿದರೆ ಇನ್ನೊಂದು ಮೈ ಎಳೆದು ತಟ್ಟೆ ಹಪ್ಪಳದಂತೆ ಹೊಟ್ಟೆ ಬಿಡುತ್ತದೆ. ಸರ್ಫೇಸ್ ಪ್ಲೇಟಿನ ಮೇಲಿಟ್ಟಾಗ ನಡುವಿನಲ್ಲಿ 0.15 ಮಿಮೀ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿತು. ಬೋಲ್ಟ್ ಬಿಗಿದರೆ ಸರಿಹೋಗುತ್ತದೆ ಅಂದುಕೊಂಡು ಹಾಕಿದ್ದು ಒಂದು ತಪ್ಪು. ಎರಡನೆಯದು ಇನ್ನೂ ದೊಡ್ಡದು: ನಾಲ್ಕು ಮೂಲೆಯ ದಪ್ಪವನ್ನು ಅಳೆದಾಗ ನಾಲ್ಕೂ ಅಂಕಿ ಸರಿಯಾಗಿದ್ದವು, ಆದರೆ ಮುಂದಿನದು ಹಿಂದೆ, ಹಿಂದಿನದು ಮುಂದೆ ಕೂತಿದ್ದವು. ಪ್ರಿಂಟಿನಲ್ಲಿ ಟೋ −0°29′ ಬಂದಾಗ ಡ್ರಾಯಿಂಗ್ ಹಿಡಿದು ಟರ್ನರ್ ಹತ್ತಿರ ವಾಪಸ್ ಹೋದೆವು.

"ಇದನ್ನ ಯಾವ ಕಡೆಯಿಂದ ನೋಡ್ಕಂಡು ಬರ್ದಿದ್ದೀರಣ್ಣ? ಚಕ್ರದ ಕಡೆಯಿಂದ್ಲಾ, ಗಾಡಿ ಒಳಗಡೆಯಿಂದ್ಲಾ?"

ಅದನ್ನು ಬರೆದೇ ಇರಲಿಲ್ಲ. ರಟ್ಟು ಬೀಮಿನ ಕಡೆಯ ಮುಖ, ಅಂಕಿಗಳು ಹೊರಗಿನಿಂದ ಕಂಡಂತೆ. ಕಚ್ಚು ಒಂದೇ ಪಕ್ಕಕ್ಕಿದ್ದುದರಿಂದ ತಟ್ಟೆಯನ್ನು ಮಗುಚಿ ಹಾಕಲೂ ಆಗಲಿಲ್ಲ. ಅದೇ ತಟ್ಟೆಯಲ್ಲಿ ಓಡಿಸಿದ್ದರೆ ಎಡ −29′, ಬಲ +10′, ಒಟ್ಟು 19′ ಟೋ ಔಟ್. ಈ ಸಲ ಚಕ್ರಗಳು ನಿಜಕ್ಕೂ ಒಂದಕ್ಕೊಂದು ಬೆನ್ನು ಮಾಡುತ್ತಿದ್ದವು. ಪಾಲಿಗೆ ಒಂಬತ್ತೂವರೆ ಮಿನಿಟ್ ಅಂದರೆ ಪ್ರತಿ ಕಿಲೋಮೀಟರಿಗೆ ಸುಮಾರು 2.8 ಮೀಟರ್ ಅಡ್ಡ ಉಜ್ಜಾಟ. ಟೈರು ಮಳೆಗಾಲ ಕಾಣುತ್ತಿರಲಿಲ್ಲ.

ಆ ಪ್ರಿಂಟಿನಲ್ಲಿ ಕ್ಯಾಂಬರೂ 13′ ಕಡಿಮೆ ಬಿದ್ದಿತ್ತು. ವಾಷರುಗಳಲ್ಲಿ ಸರಿ ಬಂದದ್ದು ತಟ್ಟೆಯಲ್ಲಿ ಏಕೆ ಕಡಿಮೆ? ಬೀಮಿನ ಮುಖಕ್ಕೆ ಗುರುತು ಹಿಡಿಯುವ ನೀಲಿ ಬಣ್ಣ ಬಳಿದು ತಟ್ಟೆ ಒತ್ತಿ ತೆಗೆದಾಗ ಗೊತ್ತಾಯಿತು: ಕೆಳಅಂಚಿನಲ್ಲಿ ಬಣ್ಣದ ಅಡಿಯಲ್ಲಿ ತುಕ್ಕಿನ ಹಕ್ಕಳೆ ಎದ್ದಿತ್ತು, ನೀಲಿಯೆಲ್ಲ ಅಲ್ಲೇ ಅಂಟಿತ್ತು. ವಾಷರ್ ಕೂರುವುದು ಬೋಲ್ಟಿನ ಸುತ್ತ ಮಾತ್ರ, ಹಕ್ಕಳೆಯನ್ನು ಮುಟ್ಟಿರಲಿಲ್ಲ. ಅರ ಹಾಕಲು ಹೋಗಬೇಡಿ, ಮೂಲ ಮುಖವೇ ಓರೆಯಾಗುತ್ತದೆ. ಚಪ್ಪಟೆ ಆಯಿಲ್ ಸ್ಟೋನ್ ಮೇಲೆ 120ರ ಎಮರಿ ಸುತ್ತಿ ಉಜ್ಜಿ, ನೀಲಿ ನಾಲ್ಕೂ ಮೂಲೆಗೆ ಸಮನಾಗಿ ಹತ್ತುವವರೆಗೆ ತೆಗೆದೆವು. ಅರ್ಧ ದಿನ ಹಿಡಿಯಿತು. ಇಡೀ ಕೆಲಸದಲ್ಲಿ ಬೇಸರದ್ದು ಇದೇ, ಬಿಟ್ಟರೆ ಕೆಡುವುದೂ ಇದೇ.

ಎರಡನೆಯ ತಟ್ಟೆಗೆ ಇಎನ್8 ಉಕ್ಕು, 8 ಮಿಮೀ ದಪ್ಪ. ಅಲ್ಯೂಮಿನಿಯಂ ಕಡೆಯಲು ಸುಲಭ, ಆದರೆ ಎರಡು ಉಕ್ಕಿನ ನಡುವೆ ಮಳೆನೀರಿನಲ್ಲಿ ಅದೇ ಮೊದಲು ತಿನ್ನಿಸಿಕೊಳ್ಳುತ್ತದೆ, ಬೋಲ್ಟಿನ ಬಿಗಿ ಸಡಿಲವಾಗುತ್ತದೆ. ಮೊದಲು ಎರಡೂ ಮುಖವನ್ನು ಸರ್ಫೇಸ್ ಗ್ರೈಂಡಿಂಗಿನಲ್ಲಿ ಸಮಾನಾಂತರ ಮಾಡಿ, ವೈರ್ ಕಟ್ಟಿನಲ್ಲಿ ಹೊರಆಕಾರ, ನಡುತೂತು, ನಾಲ್ಕು 11 ಮಿಮೀ ತೂತು, ಕಚ್ಚು ತೆಗೆಸಿದೆವು. ಆಮೇಲೆ ಓರೆ. ಕ್ಯಾಂಬರಿಗೊಂದು ಓರೆ, ಟೋಗೊಂದು ಓರೆ ಎಂದು ಎರಡು ಸಲ ಹಿಡಿಯಬೇಕಿಲ್ಲ. ಎರಡೂ ಸೇರಿದರೆ ಒಂದೇ ಇಳಿಜಾರು: 1.294 ಡಿಗ್ರಿ, ನೆಟ್ಟನೆ ಗೆರೆಯಿಂದ 15 ಡಿಗ್ರಿ ಹಿಂದಕ್ಕೆ. ತಟ್ಟೆಯನ್ನು ಸೈನ್ ಟೇಬಲ್ (ಬೇಕಾದ ಕೋನಕ್ಕೆ ಓರೆ ಮಾಡುವ ಮೇಜು) ಮೇಲೆ 15 ಡಿಗ್ರಿ ತಿರುಗಿಸಿ ಕೂರಿಸಿ, 100 ಮಿಮೀ ರೋಲರ್ ಅಂತರದ ಅಡಿಗೆ 2.258 ಮಿಮೀ ಸ್ಲಿಪ್ ಗೇಜ್ (ಕರಾರುವಾಕ್ಕು ದಪ್ಪದ ಉಕ್ಕಿನ ತುಂಡು) ಇಟ್ಟರೆ ಆಯಿತು, 1.008 ಮತ್ತು 1.25 ಎರಡು ತುಂಡು ಜೋಡಿಸಿದರೆ ಸರಿಯಾಗಿ ಅಷ್ಟೇ.

ತೆಳುವಾಗುತ್ತ ಬಂದಂತೆ ಮ್ಯಾಗ್ನೆಟ್ ಮೋಸ ಮಾಡುತ್ತದೆ. ಬಾಗಿದ ತಟ್ಟೆಯನ್ನು ಮ್ಯಾಗ್ನೆಟಿಕ್ ಚಕ್ ಚಪ್ಪಟೆಯಾಗಿ ಎಳೆದುಕೊಳ್ಳುತ್ತದೆ, ಗ್ರೈಂಡಿಂಗ್ ನೇರವಾಗಿ ಬರುತ್ತದೆ, ಮ್ಯಾಗ್ನೆಟ್ ಬಿಟ್ಟ ಕೂಡಲೇ ಮತ್ತೆ ಬಾಗುತ್ತದೆ. ಅದಕ್ಕೆ ಒಂದು ಪಾಸಿಗೆ 0.02 ಮಿಮೀಗಿಂತ ಹೆಚ್ಚು ತೆಗೆಯದೆ, ಕೂಲೆಂಟ್ ಧಾರಾಳ ಬಿಟ್ಟು, ಕೊನೆಯ ಅರ್ಧ ಮಿಮೀ ಉಳಿದಾಗ ಮಗುಚಿ ಚಪ್ಪಟೆ ಮುಖಕ್ಕೂ ಒಂದು ಲಘು ಕೈ ಕೊಟ್ಟು ಮತ್ತೆ ಓರೆಗೆ ಬಂದೆವು. ಮುಗಿದಾಗ ಮೂಲೆಗಳು 1.51, 2.08, 3.90, 4.47. ಸರ್ಫೇಸ್ ಪ್ಲೇಟಿನಲ್ಲಿ 0.03ರ ಫೀಲರ್ ಎಲ್ಲೂ ತೂರಲಿಲ್ಲ. ಬಿಚ್ಚುವ ಮೊದಲೇ ಎಲೆಕ್ಟ್ರಿಕ್ ಪೆನ್ನಿನಿಂದ ತಟ್ಟೆಯ ಮೇಲೆ "ಎಡ, ಮೇಲೆ, ಹಿಂದೆ, ಈ ಮುಖ ಚಕ್ರದ ಕಡೆ" ಎಂದು ಕೊರೆಸಿದೆವು.

ಬೆಣೆ ಹಾಕುವವರಲ್ಲಿ ಬಹುತೇಕರು ಮರೆಯುವುದು ಬೋಲ್ಟಿನ ತಲೆಯನ್ನು. ಈ ಕಾರಿನಲ್ಲಿ ಬೋಲ್ಟು ಬೀಮಿನ ಒಳಗಡೆಯಿಂದ ಬಂದು ಸ್ಟಬ್ ಫ್ಲ್ಯಾಂಜಿನ ಥ್ರೆಡ್ಡಿಗೆ ಹತ್ತುತ್ತದೆ. ಫ್ಲ್ಯಾಂಜು 1.29 ಡಿಗ್ರಿ ವಾಲಿದರೆ ಬೋಲ್ಟೂ ಅಷ್ಟೇ ವಾಲುತ್ತದೆ, ತಲೆ ಕೂರುವ ಬೀಮಿನ ಮುಖ ಮಾತ್ರ ಹಾಗೇ ಇರುತ್ತದೆ. 17 ಮಿಮೀ ತಲೆಯ ಒಂದು ಅಂಚು ಕೂತಾಗ ಇನ್ನೊಂದು ಅಂಚಿನಲ್ಲಿ 0.38 ಮಿಮೀ ಸಂದು. ಬಿಗಿದರೆ ಸಂದು ಮುಚ್ಚುತ್ತದೆ. ಮುಚ್ಚುವುದು ಬೋಲ್ಟು ಬಗ್ಗುವುದರಿಂದ. ತಲೆಯ ಬುಡದಲ್ಲಿ ಬಗ್ಗಿದ ಬೋಲ್ಟು ಟಾರ್ಕ್ ರೆಂಚಿಗೆ ಚೆನ್ನಾಗಿಯೇ ಕ್ಲಿಕ್ ಅನ್ನುತ್ತದೆ, ಆಮೇಲೆ ಗುಂಡಿಯ ಮೇಲೆ ಗುಂಡಿ ಹಾರಿ ಅಲ್ಲೇ ದಣಿದು ಮುರಿಯುತ್ತದೆ.

ಇದಕ್ಕೆ ಮದ್ದು ತಲೆಯ ಅಡಿಗೆ ತಿರುಗಾಮುರುಗಾ ಬೆಣೆ: ಅದೇ 1.294 ಡಿಗ್ರಿ, ಆದರೆ ದೊಡ್ಡ ತಟ್ಟೆ ದಪ್ಪವಿರುವ ಕಡೆ ಇದು ತೆಳು. ದುಂಡು ವಾಷರ್ ಮಾಡಿದರೆ ಬಿಗಿಯುವಾಗ ತಲೆಯ ಜೊತೆ ತಿರುಗಿಬಿಡುತ್ತದೆ. ಹಾಗಾಗಿ ಮೇಲಿನ ಎರಡು ಬೋಲ್ಟಿಗೆ ಒಂದು, ಕೆಳಗಿನ ಎರಡಕ್ಕೆ ಒಂದು ಪಟ್ಟಿ ಮಾಡಿಸಿದೆವು. 100 ಮಿಮೀ ಉದ್ದ, 24 ಅಗಲ, ದಪ್ಪ 2.0 ಇಂದ 3.1ರವರೆಗೆ. ಎರಡು ತೂತಿನಲ್ಲಿ ಬೋಲ್ಟ್ ಇರುವಾಗ ಪಟ್ಟಿ ತಿರುಗಲಾರದು. ಬೋಲ್ಟು ಎಂ10, ಫೈನ್ ಥ್ರೆಡ್, 10.9 ಗ್ರೇಡು, 30 ಮಿಮೀ ಬದಲು 35. ಅತಿ ದಪ್ಪದ ಜಾಗದಲ್ಲೂ ಥ್ರೆಡ್ ಹತ್ತೂವರೆ ಮಿಮೀ ಹಿಡಿಯುತ್ತದೆ. ಎಂ10ಕ್ಕೆ 10 ಮಿಮೀಗಿಂತ ಕಡಿಮೆ ಆಗಬಾರದು. ತೆಳು ಜಾಗದ ಬೋಲ್ಟಿನ ತುದಿ ಅತ್ತ ಕಡೆ ಹಬ್ಬಿಗೆ ತಾಗುತ್ತದೆಯೇ ಎಂದು ಚಕ್ರ ತಿರುಗಿಸಿ ನೋಡಬೇಕು.

ಜೋಡಣೆಯಲ್ಲಿ ಹೆಚ್ಚು ಹೇಳುವುದಿಲ್ಲ. ಬ್ರೇಕ್ ಪೈಪಿನ ಕ್ಲಿಪ್ ಮಾತ್ರ ಬಿಚ್ಚಿ ಬ್ಯಾಕ್ ಪ್ಲೇಟನ್ನು ಹುಷಾರಾಗಿ ಸರಿಸಿದರೆ ಪೈಪ್ ಕಳಚುವ ಅಗತ್ಯವಿಲ್ಲ, ಗಾಳಿ ತೆಗೆಯುವ ಕೆಲಸವೂ ಉಳಿಯುತ್ತದೆ. ತಟ್ಟೆಗೆ ಬಣ್ಣ ಬಳಿಯಬೇಡಿ; ಬಣ್ಣ ದಿನ ಕಳೆದಂತೆ ಅದುಮಿಕೊಂಡು ಬಿಗಿ ಇಳಿಯುತ್ತದೆ. ಜಿಂಕ್ ಪ್ಲೇಟಿಂಗ್ ಮಾಡಿಸಿದೆವು, 8–10 ಮೈಕ್ರಾನ್. ಥ್ರೆಡ್ಡಿಗೆ ನೀಲಿ ಬಣ್ಣದ ಮಧ್ಯಮ ಲಾಕ್, ಮೂಲೆಯಿಂದ ಮೂಲೆಗೆ ಮೂರು ಹಂತದಲ್ಲಿ ಬಿಗಿತ, ಕೊನೆಯ ಟಾರ್ಕ್ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ. ಸ್ಟಬ್ ಪರೀಕ್ಷೆಗೆಂದು ಬಿಚ್ಚಿದ ಹಬ್ ನಟ್ಟನ್ನು ಮತ್ತೆ ಬಳಸದೆ ಹೊಸದು ಹಾಕಿದೆವು. ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಹಳದಿ ಪೇಂಟಿನ ಒಂದು ಗೆರೆ.

ಪ್ರಿಂಟ್: ಎಡ ಹಿಂದೆ −1°08′, ಟೋ +0°07′. ಬಲ ಹಿಂದೆ ಮುಟ್ಟಿಲ್ಲ, ಹಿಂದಿನದೇ. ಎಡಕ್ಕೆ ತಳ್ಳುತ್ತಿದ್ದ 11 ಮಿನಿಟ್ ಒಂದೂವರೆ ಮಿನಿಟಿಗೆ ಇಳಿಯಿತು. ಇದಾದ ಮೇಲೆಯೇ ಮುಂದಿನ ಟೋ ಹಿಡಿಯಬೇಕು. ಸ್ಟಿಯರಿಂಗನ್ನು ನೇರಕ್ಕೆ ಲಾಕ್ ಮಾಡಿ ಎರಡೂ ಟೈ ರಾಡ್ ಸಮ ಮಾಡಿದೆವು.

ಮುಂದಿನ ಎಡಚಕ್ರದಲ್ಲೂ ಅರ್ಧ ಡಿಗ್ರಿ ಕ್ಯಾಂಬರ್ ಹೆಚ್ಚಿತ್ತು. ಅಲ್ಲಿ ಬೆಣೆ ಬೇಕಿಲ್ಲ. ಸ್ಟ್ರಟ್ಟಿಗೂ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ನಕಲ್‌ಗೂ (ಚಕ್ರ ಹಿಡಿದಿರುವ ಗೆಣ್ಣು) ಇರುವ ಎರಡು ಬೋಲ್ಟನ್ನು ಸಡಿಲಿಸಿ, ಚಕ್ರದ ತಲೆಯನ್ನು ಬೇಕಾದ ಕಡೆ ಒತ್ತಿ ಹಿಡಿದು ಬಿಗಿದರೆ ತೂತಿನ ಸಡಿಲವೇ ಅಷ್ಟು ಕೊಟ್ಟುಬಿಡುತ್ತದೆ ಬಹಳ ಸಲ. ಕೊಡದಿದ್ದರೆ ಮೇಲಿನ ಬೋಲ್ಟಿನ ಜಾಗಕ್ಕೆ ಎಕ್ಸೆಂಟ್ರಿಕ್ ಬೋಲ್ಟು, ಅಂದರೆ ತಿರುಗಿಸಿದರೆ ಪಕ್ಕಕ್ಕೆ ಸರಿಸುವ ಬೋಲ್ಟು. 60 ಮಿಮೀ ಅಂತರದ ಎರಡು ಬೋಲ್ಟಿನಲ್ಲಿ ಒಂದು 1 ಮಿಮೀ ಸರಿದರೆ ಹತ್ತಿರಹತ್ತಿರ 1 ಡಿಗ್ರಿ. ಆದರೆ ಎಂ14ರ ಜಾಗಕ್ಕೆ ಎಂ12 ಬರುವುದರಿಂದ ಹಿಡಿತದ ಕ್ಷೇತ್ರ 115 ಚದರ ಮಿಮೀ ಇಂದ 84ಕ್ಕೆ ಇಳಿಯುತ್ತದೆ. ಗ್ರೇಡ್ ಮೇಲಿನದೇ ಇರಬೇಕು. ಸ್ಟ್ರಟ್ಟಿನ ತೂತನ್ನೇ ಅರದಿಂದ ಉದ್ದ ಮಾಡುವ ಚಾಳಿ ಕೆಲವು ಕಡೆ ಇದೆ. ಒಂದು ದೊಡ್ಡ ಗುಂಡಿ ಸಾಕು, ಬೋಲ್ಟು ಜಾರಿ ಹಳೆಯ ಜಾಗಕ್ಕೇ ಬಂದು ಕೂರುತ್ತದೆ.

ಓಡಿಸಿ ನೋಡಿದ್ದು ಮೈಸೂರಿನ ರಿಂಗ್ ರಸ್ತೆಯಲ್ಲಿ, ಬೆಳಿಗ್ಗೆ ಆರಕ್ಕೆ. ನಮ್ಮ ರಸ್ತೆಗಳು ನೀರು ಇಳಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ, ಆದ್ದರಿಂದ ಸರಿಯಿರುವ ಕಾರೂ ಕೈ ಬಿಟ್ಟರೆ ನಿಧಾನ ಎಡಕ್ಕೆ ಹೋಗುತ್ತದೆ. ಅದನ್ನು ದೋಷವೆಂದು ಎಣಿಸಿ ಮತ್ತೆ ಟೋ ಕೆಣಕಬಾರದು. ಡಿವೈಡರ್ ಪಕ್ಕದ ಲೇನಿನಲ್ಲಿ ಇಳಿಜಾರು ಕಡಿಮೆ ಇರುವ ಕಡೆ ನೋಡಿದರೆ ಗೊತ್ತಾಗುತ್ತದೆ. ಸ್ಟಿಯರಿಂಗ್ ನೇರವಾಗಿಯೇ ನಿಂತಿತು.

500 ಕಿಲೋಮೀಟರಿಗೆ ಹಳದಿ ಗೆರೆಗಳನ್ನು ನೋಡಿದೆವು, ಯಾವುದೂ ಸರಿದಿರಲಿಲ್ಲ. ಗೆರೆ ಮುರಿಯದಿದ್ದರೆ ಮತ್ತೆ ಪಾನಾ ಹಾಕಬಾರದು, ಲಾಕ್ ಒಡೆಯುತ್ತದೆ. 1,000ಕ್ಕೆ ಮತ್ತೊಂದು ಪ್ರಿಂಟ್: ಕ್ಯಾಂಬರ್ −1°10′, ಟೋ +0°07′. ಸವೆದ ಟೈರನ್ನು ಸ್ಟೆಪ್ನಿಗೂ ಇಟ್ಟುಕೊಳ್ಳಲಿಲ್ಲ, ಒಳಅಂಚಿನಲ್ಲಿ ತಂತಿ ಇಣುಕಲು ಶುರುವಾಗಿತ್ತು. ಡ್ರಾಯಿಂಗಿನ ಹೊಸ ಪ್ರತಿಯ ತಲೆಯ ಮೇಲೆ ಈಗ ದಪ್ಪಕ್ಷರದಲ್ಲಿ "ಚಕ್ರದ ಕಡೆಯಿಂದ ನೋಡಿದಂತೆ" ಎಂದಿದೆ.